ಕೊನೆಯ ಕಂಬದ ವೋಲ್ಟೇಜು

ಜನವರಿ ೯, ಗುರುವಾರ

ಭಾಗಿಸಬೇಕು ಅಂದದ್ದೋ ಗುಣಿಸಬೇಕು ಅಂದದ್ದೋ, ಈಗ ನೆನಪಾಗುತ್ತಿಲ್ಲ. ಬೆಳಿಗ್ಗೆ ನನ್ನ ಗಂಡ ನಾಗಪತಿ ಹೇಳಲು ಹೊರಟಿದ್ದರು. ಅರ್ಧಕ್ಕೇ ಉಸಿರು ಸಾಲದೆ ಮಾತು ನಿಂತಿತು. ಮುಂದೇನು ಎಂದು ನಾನು ಕೇಳಲಿಲ್ಲ. ಶಾಲೆಗೆ ಹೊತ್ತಾಗಿತ್ತು, ಅಲ್ಲದೆ ಸಮಾಜ ವಿಜ್ಞಾನ ಕಲಿಸುವವಳಿಗೆ ಅದರ ಅಗತ್ಯವೂ ಇರಲಿಲ್ಲ. ಆಮೇಲೆ ಸ್ಟಾಫ್ ರೂಮಿನಲ್ಲಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ ತೆರೆದು ನೋಡಿದೆ. ಭಾಗಿಸಬೇಕು. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರು ಬರುತ್ತದೆ.

ಆಮ್ಲಜನಕದ ಮಷೀನಿನ ಹಿಂಬದಿಯಲ್ಲಿ ೩೫೦ ವ್ಯಾಟ್ ಎಂದು ಬರೆದಿದೆ. ಮನೆಗೆ ೨೩೦ ವೋಲ್ಟ್ ಬಂದರೆ ಅದು ಒಂದೂವರೆ ಆಂಪಿಯರು ಎಳೆಯುತ್ತದೆ. ನಮ್ಮಲ್ಲಿ ಮಧ್ಯಾಹ್ನದ ಮೇಲೆ ಬರುವುದು ೧೭೦. ಆಗ ಎರಡು ಆಂಪಿಯರು. ಒತ್ತಡ ಇಳಿದಷ್ಟೂ ಎಳೆತ ಹೆಚ್ಚು, ಆಗುವ ಕೆಲಸ ಅಷ್ಟೇ. ಎಳೆತ ಹೆಚ್ಚಾದರೆ ಒಳಗಿನ ತಂತಿ ಬಿಸಿಯಾಗಿ ಮಷೀನು ಕೂಗುತ್ತದೆ, ಆಮೇಲೆ ನಿಲ್ಲುತ್ತದೆ. ಇಂದು ಎರಡು ಸಲ ನಿಂತಿತು.

ಕಳೆದ ವರ್ಷದವರೆಗೂ ಸಿದ್ದಾಪುರ ಪೇಟೆಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ನಡೆಸಿದ ಮನುಷ್ಯ ಈಗ ದಿನದ ಹೆಚ್ಚಿನ ಹೊತ್ತು ಮೂಗಿಗೆ ನಳಿಗೆ ಹಾಕಿಕೊಂಡು ಕೂತಿರಬೇಕು. ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಕಾಯಿಲೆ. ಕಾರಣ ಗೊತ್ತಿಲ್ಲ ಎಂದರು ಶಿರಸಿಯ ಡಾಕ್ಟರು. ಊಟದ ನಂತರದ ಹೊತ್ತು ಹೆಚ್ಚು ಕಷ್ಟದ್ದು, ಆಗ ಮಷೀನು ತಪ್ಪಕೂಡದು ಎಂದೂ ಹೇಳಿದರು. ನಮ್ಮ ಊರಿನಲ್ಲಿ ಪಂಪಿಗೆ ಕರೆಂಟು ಕೊಡುವುದೂ ಊಟದ ನಂತರವೇ.

ಜನವರಿ ೧೨, ಭಾನುವಾರ

ಶಿರಸಿಯಿಂದ ನಾಗಪತಿಯ ತಂಗಿ ಶ್ರೀಲಕ್ಷ್ಮಿ ಬಂದಿದ್ದಳು. ಅವಳ ಮನೆ ಆಸ್ಪತ್ರೆಗೆ ಹತ್ತಿರ. ಕೆಳಗಿನ ಕೋಣೆ ಖಾಲಿ ಇದೆಯಂತೆ. ಅಣ್ಣ ಅಲ್ಲಿಗೆ ಬಂದಿರಲಿ ಎಂದಳು.

ನಾನು ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಶಿರಸಿ ಪೇಟೆ, ೨೩೦. ಇಲ್ಲಿ, ಕೋಲಸಿರ್ಸಿಯ ಈ ಲೈನಿನ ಕೊನೆಯ ಕಂಬದಲ್ಲಿ, ೧೭೦. ಕೆಲವು ದಿನ ಅದೂ ಇಲ್ಲ. ಎರಡರ ನಡುವೆ ಆರಿಸುವಂಥದ್ದೇನೂ ಇಲ್ಲ. ನಾಗಪತಿ ಹಾಳೆಯನ್ನು ದೂರ ಹಿಡಿದು ಓದಿದರು.

"ಲೆಕ್ಕ ಸರಿ ಇದ್ದು," ಅಂದರು. ಹಾಳೆಯನ್ನು ನನಗೆ ವಾಪಸು ಕೊಟ್ಟು, "ಆನು ಇಲ್ಲೇ ಇರ್ತೆ."

ಶ್ರೀಲಕ್ಷ್ಮಿ ನನ್ನ ಕಡೆ ನೋಡಿದಳು. "ಹೋಪದೇ ಒಳ್ಳೇದು," ಅಂದೆ ನಾನು. "ಇಲ್ಲಿದ್ದು ಎಂತ ಮಾಡದು?"

ಹೊರಡುವಾಗ ಗೇಟಿನ ಹತ್ತಿರ ಅವಳು ದನಿ ತಗ್ಗಿಸಿ, ಅಣ್ಣನ ಮುಖ ನೋಡಿದ್ಯಾ ಅತ್ಗೆ, ಅಂದಳು. ನಾನು ನೋಡಿರಲಿಲ್ಲ. ಹಾಳೆ ನೋಡುತ್ತಿದ್ದೆ. ಇದರಲ್ಲಿ ಮನಸ್ಸಿಗೆ ಹಚ್ಚಿಕೊಳ್ಳುವಂಥದ್ದು ಏನಿದೆ ಎಂದು ತಿಳಿಯಲಿಲ್ಲ. ಪೇಟೆಯಲ್ಲಿದ್ದ ಬಾಡಿಗೆ ಮನೆ ಬಿಟ್ಟು ಈ ಗದ್ದೆಯ ಅಂಚಿಗೆ ಬರುವುದು ಕೂಡ ಅವರ ಇಷ್ಟವೇ ಆಗಿತ್ತು. ಆಗ ನಾನು ಬೇಡ ಅಂದಿರಲಿಲ್ಲ, ಬೇಕು ಎಂದೂ ಅಂದಿರಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಇಬ್ಬರಿಗೂ ಒಂದೊಂದು ಕೋಣೆ ಸಿಕ್ಕಿತು.

ಜನವರಿ ೨೩, ಗುರುವಾರ

ಸ್ಟೆಬಿಲೈಸರ್ ತಂದೆ. ಒಳಗೆ ೧೭೦ ಬಂದರೆ ಹೊರಗೆ ೨೨೦ ಕೊಡುತ್ತದೆ. ೧೪೦ಕ್ಕಿಂತ ಇಳಿದರೆ ಅದೂ ಕೈಬಿಡುತ್ತದೆ. ಆಗ ಇನ್ವರ್ಟರು, ಅದರ ಬ್ಯಾಟರಿ ಹಳೆಯದು. ಅದೂ ಮುಗಿದರೆ ಮೂಲೆಯಲ್ಲಿರುವ ಸಿಲಿಂಡರು.

"ಹೆಚ್ಚಿಗೆ ಐವತ್ತು ಎಲ್ಲಿಂದ ಬತ್ತು?" ನಾಗಪತಿ ಕೇಳಿದರು. ನನ್ನನ್ನು ಪರೀಕ್ಷಿಸುವ ದನಿ.

ಎಲ್ಲಿಂದಲೂ ಬರುವುದಿಲ್ಲ. ಲೈನಿನಿಂದ ಇನ್ನಷ್ಟು ಆಂಪಿಯರು ಎಳೆದು ವೋಲ್ಟು ಮಾಡುತ್ತದೆ. ಹಿಂದಿನ ಕಂಬದ ಗೌರಕ್ಕನ ಮನೆ ದೀಪ ಅಷ್ಟು ಮಂಕಾಗುತ್ತದೆ. ನಾಗಪತಿಯ ಅಭಿಪ್ರಾಯದಲ್ಲಿ ಸ್ಟೆಬಿಲೈಸರ್ ಅನ್ನುವುದು ಮರ್ಯಾದೆಯ ಕಳ್ಳತನ. ನಮ್ಮ ಕಳವು ಸಣ್ಣದು, ಅಡ್ಡಿಯಿಲ್ಲ ಎಂದರು. ಇಷ್ಟು ಹೇಳಲು ಅವರಿಗೆ ನಾಲ್ಕು ಸಲ ನಿಲ್ಲಬೇಕಾಯಿತು. ಕಾಯಿಲೆಗೆ ಮೊದಲು ಅವರ ಮಾತು ಯಾವಾಗ ನಿಲ್ಲುತ್ತದೆಂದು ನಾನು ಕಾಯುತ್ತಿದ್ದೆ.

ಫೆಬ್ರವರಿ ೧, ಶನಿವಾರ

ಲೈನ್‌ಮನ್ ಶರಣ ಬಂದು ಕಂಬ ಹತ್ತಿ ನೋಡಿ ಇಳಿದ. ಹಾವೇರಿ ಕಡೆಯವನು. ಲೈನಿನಲ್ಲಿ ದೋಷವಿಲ್ಲ, ಟ್ರಾನ್ಸ್‌ಫಾರ್ಮರೇ ಸಾಲದು ಅಂದ. ಇಲ್ಲಿ ಎಲ್ಲರೂ ಅದನ್ನು ಟೀಸಿ ಅನ್ನುತ್ತಾರೆ.

"ಗದ್ದಿ ಎಲ್ಲಾ ಅಡಿಕಿ ತ್ವಾಟ ಮಾಡ್ಯಾರ್ರಿ ಮೇಡಂ. ಮನಿಗೊಂದು ಮೋಟರ್ ಬಂತು. ಟೀಸಿ ಮಾತ್ರ ಅವರಜ್ಜನ ಕಾಲದ್ದ ಐತಿ."

ದೊಡ್ಡದು ಬೇಕೆಂದು ಅರ್ಜಿ ಕೊಟ್ಟರೆ ಸರದಿಯ ಮೇಲೆ ಬರುತ್ತದಂತೆ. ಕೊಟ್ಟೆ.

ಮಧ್ಯಾಹ್ನ ನಾಗಪತಿ ಹಾಸಿಗೆಯ ಮೇಲೆ ಬೆರಳಿನಿಂದ ಸೂತ್ರ ಬರೆದು ತೋರಿಸಿದರು. ಟೀಸಿ ೨೫ ಕೆವಿಎಯದು. ಮೂರು ಫೇಸಿನ ಲೈನಿನಲ್ಲಿ ೪೧೫ ವೋಲ್ಟು. ಆದರೆ ಮೂರರಿಂದ ಭಾಗಿಸುವುದಿಲ್ಲ, ಮೂರರ ವರ್ಗಮೂಲದಿಂದ, ೧.೭೩೨ರಿಂದ. ಯಾಕೆ ಎಂದು ಕೇಳಿದೆ. ಮೂರೂ ಒಂದೇ ಹೊತ್ತಿಗೆ ಏರುವುದಿಲ್ಲ. ಒಂದು ಏರುವಾಗ ಇನ್ನೊಂದು ಇಳಿಯುತ್ತಿರುತ್ತದೆ. ಆದ್ದರಿಂದ ಮೂರು ಸೇರಿದರೂ ಮೂರರಷ್ಟಾಗುವುದಿಲ್ಲ. ಇದು ನನಗೆ ಒಪ್ಪಿಗೆಯಾಯಿತು.

ಬಂದ ಉತ್ತರ ಮೂವತ್ತೈದು ಆಂಪಿಯರು. ಒಂದೊಂದು ತಂತಿಯಲ್ಲಿ ಅಷ್ಟೇ ಹರಿಯಬಹುದು. ಈ ಟೀಸಿಯ ಕೆಳಗೆ ಏಳು ಮೋಟಾರುಗಳಿವೆ. ಆರು ಮೋಟಾರು ಮೂರು ಎಚ್‌ಪಿಯವು. ಒಂದು ಎಚ್‌ಪಿ ಅಂದರೆ ೭೪೬ ವ್ಯಾಟ್. ಹಾಗಾಗಿ ಒಂದೊಂದೂ ಎರಡೂಕಾಲು ಕಿಲೋವ್ಯಾಟ್ ಕೆಲಸ ಮಾಡುತ್ತದೆ, ಸೋರಿಕೆ ಸೇರಿಸಿ ಐದು ಆಂಪಿಯರು ಎಳೆಯುತ್ತದೆ. ನೆರೆಯ ವಿಶ್ವೇಶ್ವರನದ್ದು ಐದು ಎಚ್‌ಪಿ, ಎಂಟು ಆಂಪಿಯರು. ಒಟ್ಟು ಮೂವತ್ತೆಂಟು. ಯಾರ ಮನೆಯಲ್ಲೂ ಒಂದೇ ಒಂದು ದೀಪ ಹಚ್ಚುವುದಕ್ಕೆ ಮುಂಚೆ.

ಏಳರಲ್ಲಿ ಆರು ಮೋಟಾರಿಗೆ ನಾಗಪತಿಯೇ ತಂತಿ ಸುತ್ತಿಕೊಟ್ಟಿದ್ದಾರೆ. ಆ ಮನೆಗಳಲ್ಲಿ ಯಾರಿದ್ದಾರೆಂದು ನನಗೆ ಸರಿಯಾಗಿ ಗೊತ್ತಿಲ್ಲ. ದಾರಿಯಲ್ಲಿ ಸಿಕ್ಕರೆ ತಲೆಯಾಡಿಸುತ್ತೇನೆ.

ಫೆಬ್ರವರಿ ೪, ಮಂಗಳವಾರ

ಕೇಳುವುದೆಂದು ನಿಶ್ಚಯಿಸಿದೆ. ಊಟದ ನಂತರ ಅವರು ಮಲಗಿ ಏಳುವವರೆಗೆ ಯಾರೂ ಮೋಟಾರು ಹಾಕದಿದ್ದರೆ ಸಾಕು. ನಾಗಪತಿಗೆ ಹೇಳಲಿಲ್ಲ. ತಮ್ಮ ಹೆಸರಿನಲ್ಲಿ ಯಾರಲ್ಲೂ ಏನನ್ನೂ ಕೇಳುವುದು ಅವರಿಗೆ ಆಗದು.

ಮೊದಲು ಗೌರಕ್ಕನ ಮನೆ. ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ವಿಷಯ ಹೇಳಿದೆ. ಅವಳು ಕೈ ಕೊಡವಿಕೊಂಡು ನನ್ನನ್ನೇ ನೋಡಿದಳು.

"ಈ ಊರಿಗೆ ಬಂದು ಇಷ್ಟು ವರ್ಷ ಆತು. ಇವತ್ತು ಎಂತ, ದಾರಿ ತಪ್ಪಿತ? ಕೂತ್ಕ. ಆಸ್ರಿಗೆ ಎಂತ ಮಾಡ್ಲಿ?"

ಕುಡಿಯಲು ಏನೂ ಬೇಡ, ಇನ್ನೂ ಮನೆಗಳಿಗೆ ಹೋಗಬೇಕು ಅಂದೆ.

"ಬೇಡ ಹೇಳಿರೆ ಮೋಟ್ರು ನಿಲ್ಸ್ತ್ನಿಲ್ಲೆ ನೋಡು."

ಕುಡಿದೆ. ಆಮೇಲೆ ಎಲ್ಲ ಮನೆಗಳಲ್ಲೂ ಕುಡಿಯಬೇಕಾಯಿತು. ಕೋಕಂ, ಕಷಾಯ, ಚಹಾ, ಮತ್ತೆ ಚಹಾ. ಯಾರೂ ಆಗುವುದಿಲ್ಲ ಅನ್ನಲಿಲ್ಲ. ರಸ್ತೆಯಾಚೆಯ ದ್ಯಾವಮ್ಮ ಕತ್ತಿ ಕೆಳಗಿಟ್ಟು ಕೇಳಿಸಿಕೊಂಡಳು. ಅವಳ ಮೋಟಾರು ಹಿಂದೊಂದು ಯುಗಾದಿಯ ದಿನ ಸುಟ್ಟಿತ್ತಂತೆ, ನಾಗಪತಿ ಹಬ್ಬದೂಟ ಬಿಟ್ಟು ಅಂಗಡಿ ತೆರೆದು ಕೂತು ಸುತ್ತಿಕೊಟ್ಟಿದ್ದರಂತೆ. ಆ ಯುಗಾದಿ ನನಗೆ ನೆನಪಿದೆ. ಅವರು ಎಲ್ಲಿಗೆ ಹೋದರೆಂದು ನಾನು ಕೇಳಿರಲಿಲ್ಲ.

"ಮೂರು ಗಂಟೆ ಬಸ್ಸು ಹೋಗೋ ತಂಕ ನಮ್ಮನೆ ಮೋಟ್ರು ಹಾಕಲ್ಲ ಬಿಡಿ ಅಕ್ಕೋರೆ," ಎಂದಳು ದ್ಯಾವಮ್ಮ.

ಗಡಿಯಾರಕ್ಕಿಂತ ಬಸ್ಸು ಅನು­ಕೂಲ. ಉಳಿದವರಿಗೂ ಅದನ್ನೇ ಹೇಳಿದೆ. ವಿಶ್ವೇಶ್ವರ ಮನೆಯಲ್ಲಿರಲಿಲ್ಲ, ಹೆಂಡತಿ ಹೇಳುತ್ತೇನೆಂದಳು.

ಫೆಬ್ರವರಿ ೫, ಬುಧವಾರ

ಅರ್ಧ ದಿನ ರಜೆ ಹಾಕಿ ಬಂದಿದ್ದೆ. ಊಟದ ಹೊತ್ತಿಗೆ ೨೧೨. ನಾನು ಗೋಡೆಯ ವೋಲ್ಟ್ ಮೀಟರು ತಟ್ಟಿ ನೋಡಿದೆ.

"ಇವತ್ತೆಂತ ಒಬ್ಬರ ಮೋಟ್ರೂ ಕೇಳ್ತಿಲ್ಲೆ?" ನಾಗಪತಿ ಕೇಳಿದರು. ಗಮನಿಸಲಿಲ್ಲ ಅಂದೆ. ಅವರು ಊಟ ಮಾಡಿ ನಿದ್ದೆ ಹೋದರು. ಮಷೀನು ಒಂದೇ ಸಮನೆ ನಡೆಯಿತು.

ಎದ್ದು ಚಹಾ ಕುಡಿಯುತ್ತಿರುವಾಗ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿತು. ಮೀಟರಿನ ಮುಳ್ಳು ೧೨೮ಕ್ಕೆ ಬಿದ್ದದ್ದನ್ನು ನಾನು ಕಂಡೆ. ಸ್ಟೆಬಿಲೈಸರ್ ಟಕ್ ಎಂದು ಕೈಬಿಟ್ಟಿತು. ಬೆಳಿಗ್ಗೆ ಕರೆಂಟಿಲ್ಲದೆ ಇನ್ವರ್ಟರಿನ ಬ್ಯಾಟರಿ ಬರಿದಾಗಿತ್ತು. ಅದು ಸ್ವಲ್ಪ ಕೂಗಿ ಸುಮ್ಮನಾಯಿತು. ಸಿಲಿಂಡರಿನ ಕೀಲಿ ಅದರ ಜಾಗದಲ್ಲಿರಲಿಲ್ಲ. ಗುಡಿಸುವಾಗ ನಾನೇ ಎತ್ತಿ ಕಿಟಕಿಯ ಮೇಲಿಟ್ಟಿದ್ದೆ. ಸಿಕ್ಕಿದ ಮೇಲೆ ಯಾವ ಕಡೆಗೆ ತಿರುಗಿಸಬೇಕೆಂಬುದು ಮರೆತುಹೋಯಿತು. ನಾಗಪತಿ ಎರಡೂ ಕೈಗಳನ್ನು ಮೊಣಕಾಲ ಮೇಲೆ ಊರಿ ಕೂತಿದ್ದರು. ತುಟಿ ನೇರಳೆ. ಮಾತಾಡಲು ಆಗದೆ ಒಂದು ಬೆರಳೆತ್ತಿ ಗಾಳಿಯಲ್ಲಿ ಎಡಕ್ಕೆ ತಿರುಗಿಸಿ ತೋರಿಸಿದರು.

ಕೆಳಗೆ ಬಿದ್ದ ಚಹಾವನ್ನು ಒರೆಸಿದೆ.

ಫೆಬ್ರವರಿ ೬, ಗುರುವಾರ

ನಾನು ಮನೆ ಮನೆಗೆ ಹೋಗಿದ್ದನ್ನು ಹೇಳಲೇಬೇಕಾಯಿತು. ಅವರಿಗೆ ಸಿಟ್ಟು ಬರಬಹುದೆಂದುಕೊಂಡಿದ್ದೆ. ನಕ್ಕರು, ನಕ್ಕಿದ್ದಕ್ಕೆ ಕೆಮ್ಮು ಬಂತು.

"ಏಳೂ ಮೋಟ್ರನ್ನ ಒಂದೇ ಸಲ ಎಬ್ಸಿದ್ಯಲೆ ಮಾರಾಯ್ತಿ."

ತಿರುಗುತ್ತಿರುವ ಮೋಟಾರಿನ ಎಳೆತ ಬೇರೆ, ನಿಂತದ್ದು ಏಳುವಾಗಿನ ಎಳೆತ ಬೇರೆ. ಏಳುವಾಗ ಕೆಲವು ಕ್ಷಣ ಆರು ಪಟ್ಟು ಎಳೆಯುತ್ತದೆ. ಮೂವತ್ತೆಂಟರ ಆರು ಪಟ್ಟು ಇನ್ನೂರು ದಾಟುತ್ತದೆ. ಟೀಸಿ ಕೊಡಬಲ್ಲದ್ದು ಮೂವತ್ತೈದು. ಉಳಿದ ದಿನಗಳಲ್ಲಿ ಒಬ್ಬ ಒಂದು ಗಂಟೆಗೆ ಹಾಕುತ್ತಿದ್ದ, ಇನ್ನೊಬ್ಬ ಮರೆತು ಎರಡಕ್ಕೆ. ಮಧ್ಯಾಹ್ನವಿಡೀ ಕಡಿಮೆ ಇರುತ್ತಿತ್ತು, ಆದರೆ ಕುಸಿಯುತ್ತಿರಲಿಲ್ಲ. ನಿನ್ನೆ ಎಲ್ಲರೂ ಸ್ವಿಚ್ಚಿನ ಹತ್ತಿರ ನಿಂತು ಬಸ್ಸಿಗೆ ಕಾದಿದ್ದಾರೆ. ಒಬ್ಬರಾದರೂ ಮಾತಿಗೆ ತಪ್ಪಿದ್ದರೆ ಇದಾಗುತ್ತಿರಲಿಲ್ಲ.

ಇದನ್ನು ಅವರಿಗೆ ಹೇಳುವುದು ಹೇಗೆ ಎಂದು ನಾಗಪತಿಯನ್ನು ಕೇಳಿದೆ. "ಹೇಳಡ," ಅಂದರು. "ಬೇಜಾರ್ ಮಾಡ್ಕತ್ತ."

ಹೊರಗೆ ಬಂದು ಸ್ವಲ್ಪ ಹೊತ್ತು ಬಾವಿಕಟ್ಟೆಯ ಹತ್ತಿರ ನಿಂತಿದ್ದೆ. ಯಾಕೆ ಎಂದು ಬರೆಯುವಂಥ ಕಾರಣವಿರಲಿಲ್ಲ.

ಫೆಬ್ರವರಿ ೯, ಭಾನುವಾರ

ಎರಡನೆಯ ಸುತ್ತು. ಹೇಳಲಿಲ್ಲ. ಸರದಿಯಲ್ಲಿ ಹಾಕಿದರೆ ಅವರವರ ಮೋಟಾರಿಗೇ ಒಳ್ಳೆಯದು ಅಂದೆ. ಅದು ಸುಳ್ಳೂ ಅಲ್ಲ. ಬಸ್ಸು ಹೋದ ಮೇಲೆ ಮೊದಲು ದ್ಯಾವಮ್ಮ. ಅವಳ ತೊಟ್ಟಿಗೆ ನೀರು ಬಿದ್ದ ಸದ್ದು ಕೇಳಿದ ಮೇಲೆ ಗೌರಕ್ಕ. ಹೀಗೆ ಹಿಂದಿನವರ ನೀರಿನ ಸದ್ದಿಗೆ ಮುಂದಿನವರು. ಇದು ಗೌರಕ್ಕನ ಸಲಹೆ. ಗದ್ದೆಗೆ ಕಾಲುವೆಯಿಂದ ನೀರು ಬಿಡುವಾಗ ಮೊದಲು ಹೀಗೇ ಮಾಡುತ್ತಿದ್ದರಂತೆ.

ವಿಶ್ವೇಶ್ವರ ಮಾತ್ರ ಒಪ್ಪಲಿಲ್ಲ. ಕಳೆದ ವರ್ಷ ಗದ್ದೆ ಮುಚ್ಚಿ ಅಡಿಕೆ ಸಸಿ ಇಟ್ಟಿದ್ದಾನೆ. ಸಸಿಗಳ ನಡುವೆ ನಿಂತೇ ಮಾತಾಡಿದ, ಕೂರು ಅನ್ನಲಿಲ್ಲ.

"ನಿಮ್ಮನೆ ಮಿಷನ್ನಿಗಾಗಿ ನನ್ ಸಸಿ ಒಣಗ್ಬೇಕಾ ಅಕ್ಕೋರೆ? ಕರೆಂಟಿಲ್ದಿದ್ ಜಾಗ್ದಲ್ಲಿ ಕಾಯ್ಲೆಯೋರ್ನ ಎಂತಕ್ಕೆ ಇಟ್ಕಬೇಕು? ಶಿರಸೀಲಿ ಮನೆ ಇಲ್ವಾ ನಿಮ್ಗೆ?"

ನನಗೆ ತಲೆ ಬಿಸಿಯಾಯಿತು. ಆದರೆ ದಯೆಯನ್ನು ಕೇಳುವುದಕ್ಕಿಂತ ಆಂಪಿಯರು ಹೇಳುವುದು ಸುಲಭ. ಐದು ಎಚ್‌ಪಿ ಅಂದರೆ ೩.೭ ಕಿಲೋವ್ಯಾಟ್. ೪೧೫ ವೋಲ್ಟಿದ್ದರೆ ನಿನ್ನ ಮೋಟಾರು ಎಂಟು ಆಂಪಿಯರು ಎಳೆಯುತ್ತದೆ. ೩೦೦ಕ್ಕೆ ಇಳಿದರೆ ಅದೇ ಕೆಲಸಕ್ಕೆ ಹನ್ನೊಂದು. ತಂತಿ ಸುತ್ತಿರುವುದು ಎಂಟಕ್ಕೆ. ಹೆಚ್ಚಿನ ಮೂರು ಎಲ್ಲಿಗೆ ಹೋಗುತ್ತದೆ? ನಿನ್ನ ಮೋಟಾರು ಈಗಾಗಲೇ ಎರಡು ಸಲ ಸುಟ್ಟದ್ದು ಅದರಿಂದಲೇ. ಎಲ್ಲರ ಮೋಟಾರೂ ಎದ್ದ ಮೇಲೆ ಹಾಕು, ನಿನಗೆ ೩೮೦ ಸಿಗುತ್ತದೆ.

ಅವನು ಬಗ್ಗಿ ಒಂದು ಸಸಿಯ ಬುಡದ ಮಣ್ಣು ಒತ್ತಿದ.

"ಇದೆಲ್ಲಾ ನಾಗಪತಿ ಹೆಗಡೇರು ಕಲ್ಸಿದ್ದಾ?"

ಹೌದು ಅಂದೆ.

"ನಂದು ಕಡೆಗೆ ಇರ್ಲಿ ಹಂಗಾರೆ," ಅಂದ.

ತಿರುಗಿ ಬರುವಾಗ ಹೊಳೆಯಿತು, ಜನವರಿಯಲ್ಲಿ ನಾನು ಹಾಳೆಯ ಮೇಲೆ ಬರೆದು ತೋರಿಸಿದ್ದೂ ಇದನ್ನೇ. ಅವನ ಮಾತು ಒರಟು, ಲೆಕ್ಕ ಅದೇ. ಹಾಗಿದ್ದರೆ ತಲೆ ಬಿಸಿಯಾದದ್ದು ಯಾಕೆ?

ಫೆಬ್ರವರಿ ೨೨, ಶನಿವಾರ

೧೯೦ಕ್ಕಿಂತ ಇಳಿದಿಲ್ಲ, ಈ ವಾರ ಒಮ್ಮೆಯೂ.

ಮಧ್ಯಾಹ್ನದ ಪಾಠಗಳನ್ನು ಬೆಳಿಗ್ಗೆಗೆ ಹೊಂದಿಸಿಕೊಂಡಿದ್ದೇನೆ. ಬಸ್ಸು ಹೋದ ಮೇಲೆ ನಾವಿಬ್ಬರೂ ಮೋಟಾರುಗಳು ಏಳುವುದನ್ನು ಕೇಳುತ್ತ ಕೂರುತ್ತೇವೆ. ನಾಗಪತಿ ಸದ್ದಿನ ಮೇಲೆ ಹೇಳುತ್ತಾರೆ. ಇದು ದ್ಯಾವಮ್ಮಂದು. ಇದರ ಬೇರಿಂಗು ಹೋಗಿದೆ, ಇನ್ನೊಂದು ತಿಂಗಳು ಬರಬಹುದು. ಇದು ವಿಶ್ವೇಶ್ವರಂದು, ಗರ್ವದ ಮೋಟಾರು. ಇಂದು ಒಂದು ಸದ್ದಿಗೆ ದ್ಯಾವಮ್ಮಂದು ಅಂದರು. ನಾನು ಅಲ್ಲ, ಗೌರಕ್ಕಂದು, ದ್ಯಾವಮ್ಮ ತವರಿಗೆ ಹೋಗಿದ್ದಾಳೆ ಅಂದೆ. ಅವರು ನನ್ನ ಮುಖ ನೋಡಿ, "ನಿಂಗೆ ಹೆಂಗೆ ಗೊತ್ತಾತು?" ಅಂದರು.

ಗೌರಕ್ಕ ಹೇಳಿದ್ದು. ಬೆಳಿಗ್ಗೆ ಹಾಲು ತರುವಾಗ.

ಮಾರ್ಚ್ ೧೨, ಬುಧವಾರ

ಕಿಲೋವ್ಯಾಟಿಗೂ ಕೆವಿಎಗೂ ವ್ಯತ್ಯಾಸವೇನು ಎಂದು ಕೇಳಿದೆ. ಈಗ ಕೇಳಬೇಕಾದ ಅಗತ್ಯವೇನೂ ಇರಲಿಲ್ಲ. ಲೈನಿನಲ್ಲಿ ಹೋಗುವುದೆಲ್ಲ ಕೆಲಸವಾಗುವುದಿಲ್ಲ ಎಂದರು ನಾಗಪತಿ. ಒಂದು ಪಾಲು ಮೋಟಾರಿಗೆ ಹೋಗುತ್ತದೆ, ಏನೂ ಮಾಡದೆ ತಿರುಗಿ ಬರುತ್ತದೆ, ಮತ್ತೆ ಹೋಗುತ್ತದೆ. ಬಿಲ್ಲಿನ ಮೀಟರಿಗೆ ಅದು ಕಾಣುವುದಿಲ್ಲ. ತಂತಿ ಮಾತ್ರ ಅದನ್ನೂ ಹೊರಬೇಕು.

ಹಾಗಾದರೆ ಅದು ದಂಡ ಅಂದೆ.

"ದಂಡ ಅಲ್ಲ. ಅದಿಲ್ದಿದ್ರೆ ಮೋಟ್ರು ತಿರುಗ್ತೇ ಇಲ್ಲೆ."

ಆಮೇಲೆ ಇಬ್ಬರೂ ತುಂಬ ಹೊತ್ತು ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಮಾತಿಲ್ಲದ ಹೊತ್ತು ಮೊದಲೂ ಬೇಕಾದಷ್ಟಿತ್ತು. ಇದು ಬೇರೆ ಥರದ್ದು. ಹೇಗೆ ಬೇರೆ ಎಂದು ಬಿಡಿಸಿ ಬರೆಯಲು ಬರುವುದಿಲ್ಲ.

ಮಾರ್ಚ್ ೩೦, ಯುಗಾದಿ

೧೯೪. ಗೌರಕ್ಕ ಬೇವು ಬೆಲ್ಲ ತಂದಿದ್ದಳು. ಶ್ರೀಲಕ್ಷ್ಮಿ ಫೋನು ಮಾಡಿ ಕೆಳಗಿನ ಕೋಣೆಯ ವಿಷಯ ಮತ್ತೆ ಎತ್ತಿದಳು. ಈಗ ಇಲ್ಲಿ ಅಡ್ಡಿಲ್ಲೆ ಅಂದು ಅವಳ ಮಗಳ ಪರೀಕ್ಷೆ ಹೇಗಾಯಿತೆಂದು ವಿಚಾರಿಸಿದೆ.

ಏಪ್ರಿಲ್ ೧೧, ಶುಕ್ರವಾರ

ಬೇಸಿಗೆ ರಜೆಗೆ ಇಂದು ಶಾಲೆ ಮುಚ್ಚಿತು. ಮನೆಗೆ ಬರುವಾಗ ತಿರುವಿನಲ್ಲಿ ಜನ ಸೇರಿದ್ದರು. ಟೀಸಿ ಸುಟ್ಟಿದೆ. ಕಂಬದ ಕೆಳಗೆಲ್ಲ ಎಣ್ಣೆ. ಯಾರೂ ಹೆಚ್ಚಿಗೆ ಎಳೆದಿರಲಿಲ್ಲ, ಇದ್ದದ್ದೇ ಹಳೆಯದು. ಬದಲಿ ಸಿಗಲು ದಿನ ಹಿಡಿಯುತ್ತದೆ, ಎಷ್ಟು ಎಂದು ಹೇಳಲಾರೆ ಅಂದ ಶರಣ.

ಸಿಲಿಂಡರಿನಲ್ಲಿ ನಾಳೆಯವರೆಗೆ ಇದೆ. ವಿಶ್ವೇಶ್ವರ ಬೈಕಿನಲ್ಲಿ ಹೋಗಿ ಸಿದ್ದಾಪುರದಿಂದ ಇನ್ನೊಂದು ತಂದ. ಅದು ನಾಡಿದ್ದಿನವರೆಗೆ. ನಾನು ಕೂಡಿಸಿದೆ, ಭಾಗಿಸಿದೆ. ಶ್ರೀಲಕ್ಷ್ಮಿಗೆ ಫೋನು ಮಾಡಿದವಳು ನಾನೇ.

ಏಪ್ರಿಲ್ ೧೨, ಶನಿವಾರ

ಬೆಳಿಗ್ಗೆ ಕಾರು ಬಂತು. ಬಟ್ಟೆ, ಔಷಧಿ, ಮಷೀನು ಎಲ್ಲ ಹೊಂದಿಸಿ ಕೊಟ್ಟೆ. ದ್ಯಾವಮ್ಮ, ಗೌರಕ್ಕ ಗೇಟಿನ ಹತ್ತಿರ ಬಂದು ನಿಂತಿದ್ದರು. ನಾಗಪತಿ ಕಾರಿನ ಬಾಗಿಲು ಹಿಡಿದು ಉಸಿರು ಕೂಡಿಸಿಕೊಳ್ಳಲು ನಿಂತರು.

"ನೀನು ಮೊದ್ಲೇ ಹೇಳಿದ್ದೆ," ಅಂದರು. "ಲೆಕ್ಕ ಸರಿ ಇತ್ತು."

"ಹೌದು," ಅಂದೆ.

ಬೇರೇನಾದರೂ ಬರಬೇಕಿತ್ತು. ಬಾಯಿಗೆ ಬಂದದ್ದು ಅದು.

ನೀನೂ ಬಾ ಅತ್ಗೆ, ರಜೆಯಲ್ಲವೇ, ಎಂದಳು ಶ್ರೀಲಕ್ಷ್ಮಿ. ಇಲ್ಲಿ ಕೆಲಸವಿದೆ ಅಂದೆ. ಯಾವ ಕೆಲಸ ಎಂದು ಅವಳು ಕೇಳಲಿಲ್ಲ. ನಾಗಪತಿಯೂ ಕೇಳಲಿಲ್ಲ. ಟೀಸಿಯ ಬೆನ್ನು ಹತ್ತುವವರು ಯಾರಾದರೂ ಇಲ್ಲಿರಬೇಕು. ಬಿಟ್ಟರೆ ಅದು ಮಳೆಗಾಲದವರೆಗೂ ಬರುವುದಿಲ್ಲ.

ಏಪ್ರಿಲ್ ೧೭, ಗುರುವಾರ

ಮೂರು ದಿನ ಕರೆಂಟಿನ ಕಚೇರಿಗೆ ಹೋದೆ. ಮೊದಲ ದಿನ ಒಬ್ಬಳೇ. ಎರಡನೆಯ ದಿನ ಗೌರಕ್ಕ, ದ್ಯಾವಮ್ಮ ನನ್ನ ಸ್ಕೂಟರಿನ ಹಿಂದೆಯೇ ಬಸ್ಸಿನಲ್ಲಿ ಬಂದರು. ಗೌರಕ್ಕ ಅಧಿಕಾರಿಯ ಎದುರಿನ ಕುರ್ಚಿಯಲ್ಲಿ ಕೂತು ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದಳು. ಸಂಚಿಯಲ್ಲಿ ಸಂಜೆಯವರೆಗಿನ ಎಲೆ ಇದೆ ಎಂದು ಅವನಿಗೆ ತಿಳಿಸಿದಳು. ಸೂತ್ರ ಬರೆದ ಹಾಳೆಯನ್ನು ನಾನು ಮೇಜಿನ ಮೇಲಿಟ್ಟೆ. ಯಾವುದರಿಂದ ಕೆಲಸವಾಯಿತು ಎಂಬುದು ಗೊತ್ತಿಲ್ಲ. ಸಾಗಿಸಲು ಅವರ ಗಾಡಿ ಇರಲಿಲ್ಲ, ವಿಶ್ವೇಶ್ವರ ಟ್ರ್ಯಾಕ್ಟರ್ ತಂದ.

ಇಂದು ಮಧ್ಯಾಹ್ನ ಹೊಸ ಟೀಸಿ ಏರಿಸಿದರು. ೬೩ ಕೆವಿಎ. ೧.೭೩೨, ೪೧೫, ಎಂಬತ್ತೇಳು ಆಂಪಿಯರು. ಇನ್ನು ಎಲ್ಲರೂ ಯಾವಾಗ ಬೇಕಾದರೂ ಹಾಕಬಹುದು ಎಂದು ಶರಣ ಎಲ್ಲರಿಗೂ ಕೇಳುವಂತೆ ಹೇಳಿದ.

ಮನೆಗೆ ಬಂದು ಮೀಟರು ನೋಡಿದೆ. ೨೩೧. ಈ ಮನೆಯಲ್ಲಿ ಆ ಸಂಖ್ಯೆಯನ್ನು ಹಗಲಿನಲ್ಲಿ ಕಂಡಿರಲಿಲ್ಲ.

ಏಪ್ರಿಲ್ ೨೭, ಭಾನುವಾರ

ಶಿರಸಿಗೆ ಹೋಗಿದ್ದೆ. ಕೋಣೆ ಚೆನ್ನಾಗಿದೆ, ಕಿಟಕಿ ರಸ್ತೆಯ ಕಡೆಗೆ. ನಾಗಪತಿ ಗಡ್ಡ ಬಿಟ್ಟಿದ್ದಾರೆ. ಸ್ವಲ್ಪ ಮೈ ಬಂದಿದೆ. ಶ್ರೀಲಕ್ಷ್ಮಿ ಚಹಾ ತರಲು ಒಳಗೆ ಹೋದಾಗ ನಾವಿಬ್ಬರೇ ಇದ್ದೆವು.

"ಟೀಸಿ ಬೈಂದಡ," ಅಂದರು. ಬಂದ ಸುದ್ದಿ ಅವರಿಗೂ ಮುಟ್ಟಿತ್ತು.

"ಬೈಂದು."

"ಎಷ್ಟು ಬತ್ತು?"

"ಇನ್ನೂರ ಮೂವತ್ತೊಂದು."

ಅವರು ತಲೆಯಾಡಿಸಿದರು. ನಾನು ಕಾದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಚಹಾ ಬಂತು. ವಾಪಸು ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿತು.

ಮೇ ೩, ಶನಿವಾರ

೨೩೧. ಮೋಟಾರುಗಳು ಇನ್ನೂ ಸರದಿಯಲ್ಲೇ ಏಳುತ್ತಿವೆ. ಬೇಡ ಎಂದು ಯಾರಿಗೂ ನಾನು ಹೇಳಿಲ್ಲ. ಇಂದು ಗೌರಕ್ಕನ ಮನೆಯಲ್ಲಿ ಆಸ್ರಿ ಕುಡಿಯುವಾಗ ಅವಳು ನಾಗಪತಿ ಯಾವಾಗ ಬರುತ್ತಾನೆ ಎಂದಳು. ದ್ಯಾವಮ್ಮನೂ ನಿನ್ನೆ ಕೇಳಿದ್ದಳು. ಇಬ್ಬರಿಗೂ ಗೊತ್ತಿಲ್ಲ ಅಂದೆ.

ಸಂಜೆ ಶ್ರೀಲಕ್ಷ್ಮಿಯ ಫೋನು. ಮಳೆಗಾಲ ಮುಗಿಯುವವರೆಗೂ ಅಣ್ಣ ಇಲ್ಲೇ ಇರುವುದಾದರೆ ಆ ಕೋಣೆಗೆ ಒಂದು ಕಪಾಟು ಮಾಡಿಸುತ್ತೇನೆ, ಬಡಗಿ ಸೋಮವಾರ ಬರುತ್ತಾನೆ ಎಂದಳು. ಅಣ್ಣ ಏನು ಹೇಳುತ್ತಾರೆ ಎಂದು ಕೇಳಿದೆ.

"ಅವ ಎಂತೂ ಹೇಳ್ತಾ ಇಲ್ಲೆ. ಅತ್ಗೆನ್ನ ಕೇಳು ಹೇಳ್ದ."

ನೋಡಿ ಹೇಳುತ್ತೇನೆ ಅಂದೆ. ಫೋನಿಟ್ಟ ಮೇಲೆ ನೋಡುವುದೇನಿದೆ ಎಂದು ಯೋಚಿಸಿದೆ. ವೋಲ್ಟು ನೋಡಿಯಾಗಿದೆ. ಬ್ಯಾಟರಿ ಹೊಸದು ಹಾಕಿಸಿದ್ದೇನೆ, ಎರಡು ಸಿಲಿಂಡರು ತುಂಬಿಸಿಟ್ಟಿದ್ದೇನೆ. ಭಾಗಿಸಲಿಕ್ಕೆ ಏನೂ ಉಳಿದಿಲ್ಲ. ಶಿರಸಿಯಲ್ಲಿ ೨೩೦, ಇಲ್ಲಿ ೨೩೧. ಈ ಎರಡರ ನಡುವೆ ಆಸ್ಪತ್ರೆಯ ದೂರ ಬಿಟ್ಟರೆ ಬೇರೆ ವ್ಯತ್ಯಾಸವಿಲ್ಲ, ಮತ್ತು ಆ ದೂರ ನಿಮಗೆ ಮೊದಲೂ ಗೊತ್ತಿತ್ತು. ಜನವರಿಯಲ್ಲಿ ಲೆಕ್ಕ ಸರಿ ಇದ್ದು ಅಂದ ಮೇಲೆ ನೀವು ಇಲ್ಲೇ ಇರ್ತೆ ಅಂದಿರಿ. ಕಾರಿನ ಹತ್ತಿರ ಲೆಕ್ಕ ಸರಿ ಇತ್ತು ಅಂದ ಮೇಲೆ ಏನೂ ಅನ್ನಲಿಲ್ಲ. ಮೊನ್ನೆ ಇನ್ನೂರ ಮೂವತ್ತೊಂದು ಅಂದಾಗ ಕಿಟಕಿಯ ಕಡೆ ತಿರುಗಿದಿರಿ. ರಸ್ತೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ, ನಾನೂ ನೋಡಿದೆ.

ಆನೇ 'ಮನೆಗೆ ಬನ್ನಿ' ಅನ್ನಲಿ ಹೇಳಿ ಕಾಯ್ತಾ ಇದ್ರಾ?